ಬೈಬಾಲನ ಬೆಚ್ಚನೆಯ ಕಾರು

ಬೈಬಾಲನಿಗೆ ಮದುವೆಯಾಗಿ ಹದಿನಾಲ್ಕು ವರ್ಷ. ಈ ಹದಿನಾಲ್ಕು ವರ್ಷದಲ್ಲಿ ಅವನ ಅತ್ತೆ ಮಾತ್ರ್ಯೋನಾ ಒಂದೇ ಒಂದು ಸಲ ಅವನನ್ನು 'ಅಳಿಯ' ಅಂದವರಲ್ಲ. ಸಮಾಧಾನದಲ್ಲಿದ್ದಾಗ 'ತುಯಾರಾಳ ಗಂಡ', ಸಿಟ್ಟು ಬಂದಾಗ 'ಆ ಪೇಟೆಯವನು'. (ಸಮಾಧಾನದ ದಿನಗಳನ್ನು ಅವನು ಬೆರಳಲ್ಲೇ ಎಣಿಸಿಟ್ಟುಕೊಂಡಿದ್ದ.) ಅವನೇನು ಬೆಚ್ಚನೆಯ ಸಮುದ್ರತೀರದಲ್ಲಿ ಹುಟ್ಟಿದವನಲ್ಲ, ಸೈಬೀರಿಯಾದ ಯಾಕುತ್ಸ್ಕ್ ಪೇಟೆಯವನು. ಸೊನ್ನೆಗಿಂತ ನಲವತ್ತೈದು ಡಿಗ್ರಿ ಕೆಳಗಿಳಿದರೂ ಬಸ್ಸಿಗೆ ಕಾಯುವ ಊರು. ಆದರೆ ಇನ್ನೂ ಚಳಿಯ ಊರಾದ, ಅತ್ತೆಯ ತೊಮ್ತೋರಿನ ಜನರ ಕಣ್ಣಿಗೆ ಯಾಕುತ್ಸ್ಕ್‌ನವರೆಂದರೆ ಬಿಸಿಲುನಾಡಿನವರು, ಪಾಪದವರು.

ಹೋದ ಚಳಿಗಾಲ ಅಲ್ಲಿಗೆ ಹೋದ ಪ್ರಯಾಣ ನೆನೆದರೆ ಅವನ ಕಿವಿ ಈಗಲೂ ಕೆಂಪಾಗುತ್ತದೆ. ಎರಡು ದಿನದ ದಾರಿಯಲ್ಲಿ ಕಾರಿನ ಹೀಟರು ಕೈಕೊಟ್ಟು ತುಯಾರಾಳ ಚಹಾ ಲೋಟದಲ್ಲೇ ಕಲ್ಲಾಯಿತು. ಟೈರು ಬದಲಿಸಲು ಹೋಗಿ ಅವನ ಎರಡು ಬೆರಳಿನ ಚರ್ಮ ಕೊರೆಯುವ ಜಾಕಿಗೆ ಅಂಟಿ, ಅದಕ್ಕೇ ದಾನವಾಯಿತು. ಸಾಲದ್ದಕ್ಕೆ, ಕಾರಿನ ಮೇಲೆ ಕಟ್ಟಿದ್ದ ಮೀನಿನ ಮೂಟೆ ಎಲ್ಲೋ ಜಾರಿಬಿದ್ದು, ಅತ್ತೆಯ ಅಂಗಳದಲ್ಲಿ ಅವನು ಬಿಚ್ಚಿದ್ದು ಬರೀ ಹಗ್ಗ. ಅತ್ತೆ ಅದನ್ನು ಎಳೆದು ನೋಡಿ, "ಗಟ್ಟಿಯಾಗಿದೆ. ಹಸು ಕಟ್ಟೋಕೆ ಆಯ್ತು," ಅಂದಿದ್ದರು.

ಈ ಸಲ ಅತ್ತೆಗೆ ಎಪ್ಪತ್ತು ತುಂಬುತ್ತಿತ್ತು. ಊರಿಗೆ ಊರೇ ಊಟಕ್ಕೆ ಬರುತ್ತದೆ. ಹೆಪ್ಪುಗಟ್ಟಿದ ಮೀನನ್ನು ಚೂಪು ಚಾಕುವಿನಿಂದ ಸುರುಳಿ ಸುರುಳಿಯಾಗಿ ಹೆರೆದು, ಉಪ್ಪು-ಮೆಣಸಿಗೆ ಅದ್ದಿ, ಕರಗುವ ಮೊದಲೇ ಬಾಯಿಗೆ ಹಾಕಬೇಕು. ಅದಿಲ್ಲದಿದ್ದರೆ ನಮ್ಮಲ್ಲಿ ಅದು ಹಬ್ಬವೇ ಅಲ್ಲ. ಬೈಬಾಲ ಬಡಗಣ ನದಿಯ ಬೆಸ್ತನೊಬ್ಬನನ್ನು ಕಾಡಿ ಬೇಡಿ ಹನ್ನೆರಡು ಕೊಬ್ಬಿದ ಚಿರ್ ಮೀನು ತರಿಸಿದ. ಅವು ಮೂರು ವಾರದಿಂದ ಬಾಲ್ಕನಿಯ ಮೂಲೆಯಲ್ಲಿ ಸೌದೆಯ ಹಾಗೆ ನಿಂತಿದ್ದವು.

"ಕಾರಿನ ಮೇಲೇ ಕಟ್ಟು," ಅಂದಳು ತುಯಾರಾ. "ಎಲ್ಲರೂ ಅಲ್ಲೇ ಕಟ್ಟೋದು."

"ಎಲ್ಲರ ಮೀನೂ ಬಿದ್ದುಹೋಗಿಲ್ಲ, ನಂದು ಬಿದ್ದಿದೆ. ಈ ಸಲ ಡಿಕ್ಕಿಲಿಟ್ಟು ಬೀಗ ಹಾಕ್ತೀನಿ."

ತುಯಾರಾ ಯೋಚಿಸಿದಳು. ಡಿಕ್ಕಿಯೂ ಹೊರಗಿನಷ್ಟೇ ತಣ್ಣಗಿರುತ್ತದೆ. "ಪರವಾಗಿಲ್ಲ, ಹದಿನಾಲ್ಕು ವರ್ಷಕ್ಕೆ ಒಂದು ಒಳ್ಳೆ ಮಾತಾಡಿದೆ," ಅಂದಳು.

ಹೆಂಡತಿಯ ಈ ಹೊಗಳಿಕೆ ಅವನ ತಲೆಗೇರಿತು. ಸಂಜೆ ಸಂಜೆ ಶೆಡ್ಡಿಗೆ ಹೋಗಿ ಕಾರಿನ ಜೀರ್ಣೋದ್ಧಾರಕ್ಕೆ ಕೂತ. ಕಿಟಕಿಗೆಲ್ಲ ಎರಡನೆಯ ಗಾಜು ಅಂಟಿಸಿದ. ಬಾನೆಟ್ಟಿಗೆ ದಪ್ಪ ಉಣ್ಣೆಯ ಹೊದಿಕೆ ಹೊಲಿಸಿದ. ಒಂದಲ್ಲ, ಎರಡು ಹೀಟರು ಕೂರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಬೈಬಾಲ ಹೇಗಾದಾನು? ಹೋದ ವರ್ಷದ ಬೆರಳು ನೆನಪಾಗಿ, ಜಾಕಿಯೂ ಬೆಚ್ಚಗಿರಲಿ ಅಂತ ಡಿಕ್ಕಿಯ ಒಳಮೈಗೆಲ್ಲ ಕಂಬಳಿ ಹೊಡೆದು, ಹಿಂದಿನ ಸೀಟಿನಡಿಯಿಂದ ಬಿಸಿಗಾಳಿಯ ಕೊಳವೆಯೊಂದನ್ನು ಅಲ್ಲಿಗೆ ಎಳೆದ. ಇದನ್ನು ಮಾತ್ರ ಹೆಂಡತಿಗೆ ಹೇಳಲಿಲ್ಲ. ದಾರಿಯಲ್ಲಿ ಟೈರು ಕೆಟ್ಟಾಗ ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ.

ಜಾಕಿಯ ಪಕ್ಕದಲ್ಲಿ ಮಲಗುವವರು ಯಾರು ಅನ್ನುವುದು ಆ ಮಹಾಮೇಧಾವಿಗೆ ಹೊಳೆಯಲೇ ಇಲ್ಲ. ಅವನೊಬ್ಬನ ತಪ್ಪೂ ಅಲ್ಲ ಬಿಡಿ. ಚಳಿಗಾಲದಲ್ಲಿ ಮೀನು ಗಟ್ಟಿಯಾಗಿರುತ್ತದೆ, ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ ಅಂತಲೇ ನಾವೆಲ್ಲ ಬೆಳೆದವರು. ಗಟ್ಟಿಯಾಗಿರುವುದು ಮೀನಿನ ಸ್ವಭಾವ ಅಂತ ಅವನು ತಿಳಿದಿದ್ದ.

ಹೊರಟ ದಿನ ತುಯಾರಾ ನರಿತುಪ್ಪಳದ ಟೋಪಿ, ಹಿಮಸಾರಂಗದ ಚರ್ಮದ ಬೂಟು, ಮೊಣಕಾಲು ಮುಚ್ಚುವ ತುಪ್ಪಳದ ಕೋಟು ಹಾಕಿ ಕೂತಳು. ಒಂದು ಗಂಟೆಗೆ ಟೋಪಿ ತೆಗೆದಳು. ಎರಡನೆಯ ಗಂಟೆಗೆ ಕೋಟು. ಮಧ್ಯಾಹ್ನದ ಹೊತ್ತಿಗೆ ಬೂಟನ್ನೂ ಬಿಚ್ಚಿ ಹಾಕಿದಳು.

"ನನಗೆ ಬೆವರು ಬರ್ತಿದೆ. ಸ್ವಲ್ಪ ಕಮ್ಮಿ ಮಾಡೋ ಮಾರಾಯ."

"ಹೋದ ವರ್ಷ ನಡುಗಿಸಿದ ಅಂತ ಊರೆಲ್ಲ ಸಾರಿದ್ಯಲ್ಲ, ಈಗ ಬೆವರಿಸಿದ ಅಂತ ಸಾರು," ಅಂದ ಬೈಬಾಲ, ಬರೀ ಬನಿಯನ್ನಿನಲ್ಲಿ ಸ್ಟೇರಿಂಗ್ ಹಿಡಿದು.

ಎರಡನೆಯ ದಿನ ತುಯಾರಾ ಮೂಗು ಅರಳಿಸಿದಳು. "ಏನೋ ವಾಸನೆ."

"ಹೊಸ ಕಂಬಳಿ. ಉಣ್ಣೆ ಹಾಗೇ ಇರುತ್ತೆ."

"ಯಾವ ಕುರಿದು, ನೀರಲ್ಲಿ ಈಜ್ತಿತ್ತಾ?"

ಅವನ ಕಿವಿ ಟೈರುಗಳ ಸದ್ದಿನ ಮೇಲಿತ್ತು. ಒಂದು ಟೈರೂ ಕೆಡಲಿಲ್ಲವಲ್ಲ ಅನ್ನುವ ಬೇಸರದಲ್ಲಿದ್ದ.

ತೊಮ್ತೋರು ಮುಟ್ಟಿದಾಗ ಹೊರಗೆ ಸೊನ್ನೆಗಿಂತ ಐವತ್ಮೂರು ಕೆಳಗೆ. ಅಂಗಳದಲ್ಲಿ ನೆಂಟರು, ನೆರೆಯವರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಆಗತಾನೇ ಮಸೆದ ಚಾಕು.

"ಈ ವರ್ಷವೂ ಹಗ್ಗವೋ?" ಅಂದರು.

"ಬನ್ನಿ ಅತ್ತೆ, ನೀವೇ ನೋಡಿ," ಅಂದ ಬೈಬಾಲ. ಎದೆಯುಬ್ಬಿಸಿ ಬೀಗ ತೆಗೆದು ಡಿಕ್ಕಿ ಎತ್ತಿದ.

ಒಳಗಿಂದ ಸ್ನಾನದ ಮನೆಯ ಹಾಗೆ ಬಿಳಿ ಹಬೆ ಬುಸ್ಸೆಂದು ಎದ್ದಿತು. ಜೊತೆಗೆ ಇಡೀ ಅಂಗಳಕ್ಕೆ ಹಬ್ಬುವಂಥ ಆ ವಾಸನೆ. ಮೂಟೆ ಸೋರುತ್ತಿತ್ತು. ಒಂದು ಮೀನು ಮೆಲ್ಲಗೆ ಜಾರಿ, ಬಟ್ಟೆಯ ಹಾಗೆ ಮಡಚಿಕೊಂಡು ಅತ್ತೆಯ ಕಾಲ ಬುಡದಲ್ಲಿ ಹಿಮದ ಮೇಲೆ ಬಿತ್ತು. ಪಕ್ಕದಲ್ಲೇ ಜಾಕಿ. ಮುಟ್ಟಿದರೆ ಹಿತವಾಗಿ ಬೆಚ್ಚಗಿತ್ತು.

ತುಯಾರಾ ಕಂಬಳಿ ನೋಡಿದಳು, ಕೊಳವೆ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಬೈಬಾಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. (ಆ ಊರಿನ ಹೆಪ್ಪುಗಟ್ಟಿದ ಭೂಮಿ ಬೇಸಿಗೆಯಲ್ಲೂ ಒಂದು ಮೊಳಕ್ಕಿಂತ ಆಳಕ್ಕೆ ಬಾಯಿ ಬಿಡುವುದಿಲ್ಲ.) ಅತ್ತೆ ಬಗ್ಗಿ ಮೀನಿನ ಬಾಲ ಹಿಡಿದೆತ್ತಿದರು. ಅದು ಜೋತುಬಿತ್ತು. ಚಾಕುವನ್ನು ಒರೆಗೆ ಸೇರಿಸಿದರು.

ಆಮೇಲೆ ಬೈಬಾಲನ ಭುಜದ ಮೇಲೆ ಕೈಯಿಟ್ಟು, ನೆರೆದವರ ಕಡೆ ತಿರುಗಿ, ಅವನು ಹದಿನಾಲ್ಕು ವರ್ಷ ಕಾದಿದ್ದ ಮಾತನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಎಲ್ಲರೂ ಹತ್ತಿರ ಬಂದು ಚೆನ್ನಾಗಿ ನೋಡ್ಕೊಳ್ಳಿ. ನನಗೆ ಎಪ್ಪತ್ತಾಯ್ತು, ಚಳಿಗಾಲದಲ್ಲಿ ಈ ಊರಲ್ಲಿ ಮೀನು ಕೊಳೆತಿದ್ದು ಕಂಡಿಲ್ಲ. ಇವನು ನನ್ನ ಅಳಿಯ."

ಮರುದಿನ ಬೆಳಿಗ್ಗೆಯಿಂದ ಅಳಿಯ ದೇವರು ಅತ್ತೆಯ ಹಸುವಿನ ಕೊಟ್ಟಿಗೆಗೆ ಒಳಗಿನಿಂದ ಕಂಬಳಿ ಹೊಡೆಯುತ್ತಿದ್ದರು. ಹೊರಗೆ ಮೂವರು ನೆರೆಯವರು, ಅವರವರ ಕೊಟ್ಟಿಗೆಯ ಅಳತೆ ಹಿಡಿದುಕೊಂಡು, ಸರದಿಯಲ್ಲಿ ನಿಂತಿದ್ದರು.