ಹತ್ತು ರೂಪಾಯಿಯ ಹಿಡಿತ

ಬೆಳಗಾವಿಯ ಮಹಾಂತೇಶ ನಗರದ ಗುರುಪುತ್ರಪ್ಪನವರಿಗೆ ಜೂಜಿನ ಚಟ ಇರಲಿಲ್ಲ. ಹಾಗಂತ ಅವರೇ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಊಟಕ್ಕೆ ಮುಂಚೆ ಎರಡು ಸಲ, ಊಟವಾದ ಮೇಲೆ ಒಂದು ಸಲ. ಅವರಿಗಿದ್ದದ್ದು ಬರೀ ಕುತೂಹಲ.

ಆ ಕುತೂಹಲಕ್ಕೆ ಕಾರಣ ಸರ್ಕಲ್ಲಿನ ಮೈಲಾರಲಿಂಗನ ಎಸ್‌ಟಿಡಿ ಬೂತು. ದೀಪಾವಳಿಯ ಹೊತ್ತಿಗೆ ಅಲ್ಲೊಂದು ಕಂಪ್ಯೂಟರ್ ಬಂದು ಕೂತಿತು, ಹೊರಗೆ ‘ಆನ್‌ಲೈನ್ ಲಾಟರಿ’ ಎಂಬ ಬೋರ್ಡು ಬಿತ್ತು. ಒಂದರಿಂದ ನಲವತ್ತೊಂಬತ್ತರೊಳಗೆ ಆರು ಅಂಕಿ ಹೇಳಿ ಹತ್ತು ರೂಪಾಯಿ ಕೊಟ್ಟರೆ ಯಂತ್ರ ಕರ್ ಎಂದು ಚೀಟಿ ಕೊಡುತ್ತಿತ್ತು. ಗುರುವಾರ ಸಂಜೆ ಟಿವಿಯಲ್ಲಿ ಚೆಂಡುಗಳು ಕುಣಿದು ಅಂಕಿ ಹೊರಬೀಳುತ್ತಿದ್ದವು. ಆರೂ ಹೊಂದಿದರೆ ಕೋಟಿ! ಗುರುಪುತ್ರಪ್ಪನವರು ಮೊದಲ ದಿನ ಅರ್ಧ ತಾಸು ಕಂಪ್ಯೂಟರಿನ ಹಿಂದೆಯೇ ಬಗ್ಗಿ ನಿಂತಿದ್ದರು.

“ಸಾಹೇಬ್ರ, ಹಿಂದ ಏನಿಲ್ರಿ, ಬರೇ ಧೂಳ ಐತಿ,” ಎಂದ ಮೈಲಾರಲಿಂಗ.

“ಅಲ್ಲೋ, ನಾ ಇಲ್ಲಿ ಏಳು ಅಂದದ್ದು ಅಷ್ಟ ದೂರದ ಲಾಟರಿ ಆಫೀಸಿಗೆ ಹ್ಯಾಂಗ ಗೊತ್ತಾಗತೈತಿ?”

“ನನಗ ಗೊತ್ತಿದ್ರ ನಾ ಯಾಕ್ರಿ ಇಲ್ಲಿ ಕುಂದರ್ತಿದ್ದೆ?”

ಸರಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದ ಜೀವ. ಆಡುವುದಾದರೂ ನಿಯಮಾನುಸಾರ ಆಡಬೇಕಲ್ಲ? ಡೈರಿಯ ಕೊನೆಯ ಹಾಳೆಯಲ್ಲಿ ತಮಗೆ ತಾವೇ ಒಂದು ಸುತ್ತೋಲೆ ಹೊರಡಿಸಿಕೊಂಡರು. ವಾರಕ್ಕೆ ಒಂದೇ ಚೀಟಿ, ಅದೂ ಮೈಲಾರಲಿಂಗನಲ್ಲೇ. ಹತ್ತರ ನೋಟನ್ನು ಶನಿವಾರ ಹೆಂಡತಿ ಅಕ್ಕವ್ವನ ಕೈಯಿಂದಲೇ ಪಡೆಯತಕ್ಕದ್ದು. ಕಡೆಯದಾಗಿ, ಅಂಕಿಗಳನ್ನು ತಾನು ಆರಿಸತಕ್ಕದ್ದಲ್ಲ. ತಾನು ಆರಿಸಿದರೆ ಆಸೆ ಒಳಗೆ ನುಗ್ಗುತ್ತದೆ. ಅವು ಬೇರೆಯವರ ಬಾಯಿಂದ ತಾವಾಗಿ ಬರಬೇಕು. (ಮೊದಲಿನವು ಸರಿಯೇ ಇದ್ದವು. ಕೆಟ್ಟದ್ದು ಈ ಕಡೆಯದರಿಂದ.)

ಅಕ್ಕವ್ವನ ಚಿಂತೆ ಬೇರೆ. ಮಗ ಓಂಕಾರ ಅನಗೋಳದ ಸಾಲಿಯಲ್ಲಿ ಮಾಸ್ತರ. ಖಾನಾಪುರದಲ್ಲಿರುವ ಅವಳ ದೂರದ ತಮ್ಮ ಸೋಮಲಿಂಗನ ಮಗಳು ಐಶ್ವರ್ಯಾಳಿಗೂ ಇವನಿಗೂ ಮನಸ್ಸಿತ್ತು. ಎಲ್ಲರೂ ಒಪ್ಪಿದ್ದ ಈ ಸಂಬಂಧ ಎರಡು ವರ್ಷದಿಂದ ಗುರುಪುತ್ರಪ್ಪನವರ ಒಂದು ‘ಹೂಂ’ಗಾಗಿ ಜೋತುಬಿದ್ದಿತ್ತು. ಮೊದಲು ತಮಗೆ ಪ್ರಮೋಷನ್ ಆಗಲಿ ಎನ್ನುತ್ತಿದ್ದವರು ಈಗ ಕೋಟಿ ಬರಲಿ ಎನ್ನತೊಡಗಿದ್ದರು.

“ಕೋಟಿ ಬರೂತನಕ ಆ ಹುಡುಗಿ ಕುಂತಿರ್ತಾಳೇನ್ರಿ?” ಎಂದಳು ಅಕ್ಕವ್ವ. “ಇವತ್ತ ಹತ್ತು ಅಂತೀರಿ, ನಾಳೆ ಮನೀನ ಒತ್ತಿ ಇಡ್ತೀರಿ.”

“ಹಿಡಿತ ಐತಿ ನನಗ! ಈ ವಿಭೂತಿ ಆಣಿ. ಹಿಡಿತ ತಪ್ಪಿತು ಅಂದ್ರ ಓಂಕಾರನ ಮದುವಿ ಮಾತು ಪೂರಾ ನಿನ್ನ ಕೈಗೆ. ನಾ ಪಿಟ್ ಅನ್ನೂದಿಲ್ಲ.”

“ನೆನಪಿರ್ಲಿ,” ಎಂದಳು ಅಕ್ಕವ್ವ, ಹಣೆಯ ವಿಭೂತಿಯನ್ನೇ ದಿಟ್ಟಿಸಿ.

ಆರು ತಿಂಗಳು ಕಳೆದರೂ ವಾರದ ಖರ್ಚು ಹತ್ತು ಹೋಗಿ ಹನ್ನೊಂದಾಗಲಿಲ್ಲ. ಆದರೆ ಅಂಕಿ ಬೇಕಲ್ಲ? ಹಾಲಿನ ಸಾತವ್ವನಿಗೆ ಎಮ್ಮೆಯ ವಯಸ್ಸೆಷ್ಟು ಎಂದು ಕೇಳಿದರು. ಬಸ್ಸಿನಲ್ಲಿ ಬಾಜೂ ಕೂತವರಿಗೆ ಮಕ್ಕಳೆಷ್ಟು, ಅಳಿಯಂದಿರೆಷ್ಟು ಎಂದು ಕೇಳಿದರು. ಮುಖ ನೋಡಿದರೆ ಸಾಕು, ಅವರಿಗೆ ಅಂಕಿ ಕಾಣತೊಡಗಿತು. ಹಿಂದಿನ ಓಣಿಯಲ್ಲಿ ಅಜ್ಜನೊಬ್ಬ ತೀರಿಕೊಂಡಾಗ ಅಕ್ಕವ್ವನ ಜೊತೆ ಮನೆಯವರನ್ನು ಮಾತಾಡಿಸಲು ಹೋಗಿ, ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ಎಂಬತ್ತೆರಡು ಎಂದಾಗ, “ಛೇ, ನಲವತ್ತೊಂಬತ್ತರೊಳಗ ಇದ್ದಿದ್ರ ಛಲೋ ಇತ್ತು,” ಎಂದುಬಿಟ್ಟರು. ಅಕ್ಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಬಂದಳು. ಅಳುವುದಕ್ಕಲ್ಲ, ನಾಚಿಕೆಗೆ.

ಏಪ್ರಿಲ್ ಕೊನೆಯ ಭಾನುವಾರ ಅವಳು ಗಂಡನ ಕೈಗೆ ಬಾಯಿ ಕಟ್ಟಿದ ಒಂದು ಚೀಲ ಕೊಟ್ಟಳು.

“ಖಾನಾಪುರಕ್ಕ ಹೋಗಿ ಸೋಮಲಿಂಗನ ಮನ್ಯಾಗ ಮುಟ್ಟಿಸಿ ಬರ್ರಿ.”

ಬೇರೆ ದಿನವಾಗಿದ್ದರೆ ಬಿಸಿಲು ಎನ್ನುತ್ತಿದ್ದರು. ಆದರೆ ಖಾನಾಪುರವೆಂದರೆ ಹೊಸ ಬಾಯಿಗಳು, ಹೊಸ ಅಂಕಿಗಳು! ಹಾರಿ ಹೊರಟರು. ಜಗತ್ತಿನ ಎಲ್ಲದರ ಬಗ್ಗೆ ಕುತೂಹಲವಿದ್ದ ಮನುಷ್ಯ ಚೀಲದಲ್ಲೇನಿದೆ ಎಂದು ಮಾತ್ರ ಕೇಳಲಿಲ್ಲ.

ಸೋಮಲಿಂಗನ ಹೆಂಡತಿ ರೇಣವ್ವ ಚೀಲವನ್ನು ಒಳಗೊಯ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಪಿಸುಪಿಸು ಎದ್ದಿತು. ಚಹಾ ಬರಬೇಕಾದಲ್ಲಿ ತುಪ್ಪ ಜಿನುಗುವ ಶಿರಾ ಬಂತು. ಶಿರಾ ತಿನ್ನುತ್ತಲೇ ಗುರುಪುತ್ರಪ್ಪನವರು ಡೈರಿ ತೆಗೆದರು.

“ಮನ್ಯಾಗ ಎಷ್ಟ ಮಂದಿ ಇದ್ದೀರಿ?”

“ಏಳ ಮಂದಿರೀ ಮಾವಾರ,” ಎಂದ ಸೋಮಲಿಂಗ, ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

“ಎಮ್ಮಿ?”

“ಮೂರು. ಒಂದು ಗಬ್ಬ ಐತ್ರಿ.”

“ಮೂರ ಅಂತ ಬರಕೊಳ್ತೀನಿ. ಮಗಳ ವಯಸ್ಸ?”

“ಇಪ್ಪತ್ತೆರಡು. ಬಿ.ಎ. ಮುಗದೈತ್ರಿ.”

“ಬಿ.ಎ. ಬ್ಯಾಡ, ಇಪ್ಪತ್ತೆರಡ ಸಾಕು. ಹುಟ್ಟಿದ ತಾರೀಖು?”

ಬಾಗಿಲ ಮರೆಯಿಂದ ಐಶ್ವರ್ಯಾಳೇ ಹೇಳಿದಳು: “ಹದಿನಾಲ್ಕುರೀ ಮಾವಾರ.” ಪಕ್ಕದ ಮನೆಯ ಹೆಂಗಸರು ಕಿಟಕಿಗೆ ಬಂದು ನಿಂತಿದ್ದರು. ಈ ಊರ ಮಂದಿಗೆ ಲಾಟರಿ ಎಂದರೆ ಎಷ್ಟು ಆಸಕ್ತಿ ಎಂದುಕೊಂಡರು ಗುರುಪುತ್ರಪ್ಪ. ಇನ್ನೆರಡು ಬೇಕಿತ್ತು.

“ನಿಮಗ ಯಾವುದು ಛಲೋ ಅನ್ನಸ್ತದ, ಒಂದ ಹೇಳ್ರಿ.”

ಸೋಮಲಿಂಗ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದ. “ಹನ್ನೆರಡು ಛಲೋ ಐತ್ರಿ. ಸೋಮವಾರ.”

ವಾರದ ಗೊಡವೆ ತನಗೇಕೆ ಎಂದುಕೊಂಡು ಗುರುಪುತ್ರಪ್ಪ ಹನ್ನೆರಡು ಬರೆದರು. “ಇನ್ನೊಂದು?”

“ಇಪ್ಪತ್ತಾರೂ ಸೋಮವಾರರೀ.”

“ಭೇಷ್. ಎರಡೂ ಇರಲಿ.”

“ಎರಡೂ? ಇಷ್ಟ ಲಗೂನ?”

“ತಡಾ ಯಾಕ? ಗುರುವಾರದೊಳಗ ಎಲ್ಲಾ ಪಕ್ಕಾ ಮಾಡಬೇಕು ನಾ.”

ಸೋಮಲಿಂಗನ ಕಣ್ಣಲ್ಲಿ ನೀರು ಬಂತು. ಐಶ್ವರ್ಯಾ ಬಂದು ಕಾಲಿಗೆರಗಿದಳು. ಒಳ್ಳೇ ಸಂಸ್ಕಾರದ ಮನೆ ಎಂದು ಮೆಚ್ಚಿ, ಗುರುಪುತ್ರಪ್ಪನವರು ಬಾಯಿತುಂಬ ಹರಸಿದರು.

ಖಾನಾಪುರದ ಬಸ್‌ ಸ್ಟ್ಯಾಂಡಿನ ಎದುರಿಗೂ ಒಂದು ಲಾಟರಿ ಕೌಂಟರ್ ಇತ್ತು. ಆರು ಅಂಕಿ ಕೈಯಲ್ಲಿವೆ, ಹತ್ತರ ನೋಟು ಕಿಸೆಯಲ್ಲಿದೆ. ಕೈ ಕಿಸೆಗೆ ಹೋಯಿತು. ಸುತ್ತೋಲೆ ನೆನಪಾಗಿ ಹಾಗೇ ಹಿಂದೆ ಬಂತು. ಇಂದ್ರಿಯನಿಗ್ರಹದ ಆನಂದದಲ್ಲಿ ಅವರಿಗೆ ಬೆಳಗಾವಿ ಬಂದದ್ದೇ ತಿಳಿಯಲಿಲ್ಲ.

ಮನೆಯಲ್ಲಿ ಓಂಕಾರ ಬಾಗಿಲಲ್ಲೇ ಕಾಲು ಮುಟ್ಟಿ ನಮಸ್ಕರಿಸಿದ. ಗುರುಪುತ್ರಪ್ಪನವರು ಮಾತಾಡಲು ಬಾಯಿ ತೆರೆದರೆ ಅಕ್ಕವ್ವ ಅದಕ್ಕೆ ಸಕ್ಕರೆ ಹಾಕಿದಳು.

“ಸೋಮಲಿಂಗನ ಫೋನ್ ಬಂದಿತ್ತು. ಮುಂದಿನ ತಿಂಗಳ ಹನ್ನೆರಡಕ್ಕ ನಿಶ್ಚಯ, ಇಪ್ಪತ್ತಾರಕ್ಕ ಮದುವಿ ಅಕ್ಕಿಕಾಳು. ನೀವ ಬರಕೊಂಡ ಬಂದೀರಂತ?”

“ಅಯ್ಯ! ನಾ ಕೇಳಿದ್ದು ಲಾಟರಿಗೆ!”

“ಹೆಣ್ಣ ಕೇಳಾಕ ಒಯ್ಯೂ ಕಾಯಿ, ಖಣ, ಸಕ್ಕರಿ, ಕುಂದಾ ಚೀಲದಾಗ ಕೊಟ್ಟು, ಮಗಳ ವಯಸ್ಸ ಕೇಳಿ, ತಾರೀಖ ಬರಕೊಂಡು ಬಂದವರು ನೀವು. ಬೇಕಾದ್ರ ಫೋನ್ ಹಚ್ಚಿ ಕೊಡ್ತೀನಿ, ಹೇಳ್ರಿ: ನಿನ್ನ ಮಗಳ ವಯಸ್ಸ ನನಗ ಲಾಟರಿಗೆ ಬೇಕಾಗಿತ್ತು ಅಂತ.”

ಗುರುಪುತ್ರಪ್ಪನವರು ರಿಸೀವರ್ ಎತ್ತಿದರು. ಆ ಮಾತನ್ನು ಯಾವ ದನಿಯಲ್ಲಿ ಹೇಳುವುದೆಂದು ಯೋಚಿಸಿದರು. ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಕೊನೆಯ ಅಸ್ತ್ರವೆಂಬಂತೆ ಕಿಸೆಯಿಂದ ನೋಟು ತೆಗೆದು ತೋರಿಸಿದರು.

“ನೋಡು! ಹಿಡಿತ ಎಲ್ಲಿ ತಪ್ಪೇತಿ?”

“ಹತ್ತು ರೂಪಾಯಿ ಹಿಡಿತದಾಗ ಐತ್ರಿ,” ಎಂದಳು ಅಕ್ಕವ್ವ. “ಕೈ ತಪ್ಪಿದ್ದು ನೀವು. ಸತ್ತವರ ಮನ್ಯಾಗ ಅಂಕಿ ಹುಡುಕಿದ ದಿನಾನ ತಪ್ಪಿದ್ರಿ. ವಿಭೂತಿ ಆಣಿ ನೆನಪೈತೋ ಇಲ್ಲೋ?”

ಗುರುಪುತ್ರಪ್ಪನವರು ನೋಟನ್ನು ಮಡಚಿ ಕಿಸೆಗೆ ಹಾಕಿಕೊಂಡರು. ನಾಚಿಕೆಯಾಯಿತು. ಮಗನ ಮುಖ ನೋಡಿದಾಗ ಒಳಗೊಳಗೇ ಖುಷಿಯೂ ಆಯಿತು. ಆದರೆ ಸೋತವರು ಖುಷಿಪಡಬಹುದೆಂದು ಸುತ್ತೋಲೆಯಲ್ಲಿ ಇರಲಿಲ್ಲ.

ಅಕ್ಕವ್ವ ಡೈರಿ ಕಸಿದುಕೊಂಡು, ಆ ಸುತ್ತೋಲೆಯ ಕೆಳಗೇ ಬರೆದು ಓದಿದಳು. “ನಿಮ್ಮ ಚೀಟಿಗೆ ನಾ ಅಡ್ಡ ಬರೂದಿಲ್ಲ. ಆದ್ರ ಇನ್ನ ಮ್ಯಾಲೆ ವಾರಕ್ಕ ಒಂದ ಪ್ರಶ್ನಿ. ಅಷ್ಟ ಕೇಳಬೇಕು, ಯಾರಿಗೆ ಬೇಕಾದ್ರೂ ಕೇಳ್ರಿ. ಪಿಟ್ ಅನ್ನೂದಿಲ್ಲ ಅಂದೀರಿ.”

ಗುರುಪುತ್ರಪ್ಪನವರು ತಲೆಯಾಡಿಸಿದರು. ತಮ್ಮ ಹಿಡಿತ ಎಂಥದ್ದೆಂದು ಈಗಲಾದರೂ ತೋರಿಸಿಯೇಬಿಡಬೇಕು ಎಂದು ತುಟಿ ಬಿಗಿದು ಕೂತರು. ಐದು ನಿಮಿಷ ಕೂತರು. ಅಕ್ಕವ್ವ ಸಕ್ಕರೆ ಡಬ್ಬಿ ಎತ್ತಿಕೊಂಡು ಒಳಗೆ ಹೊರಟಿದ್ದಳು. ತಡೆಯಲಾಗಲಿಲ್ಲ.

“ಅಲ್ಲಾ, ನಾ ಅಲ್ಲಿ ಹಿಂಗ ಕೇಳ್ತೀನಂತ ನಿನಗ ಮೊದಲ ಹ್ಯಾಂಗ ಗೊತ್ತಾತು?”

ಅಕ್ಕವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ತಿರುಗಿದಳು.

“ಈ ವಾರದ್ದು ಮುಗೀತ್ರಿ,” ಎಂದಳು. “ಇನ್ನ ಮುಂದಿನ ಶನಿವಾರ ಬರ್ರಿ.”