ಕಾಡನ್ನು ಒಂದೇ ಹಾಡಿನಲ್ಲಿ ದಾಟಿಸಿದ ನಿರ್ದೇಶಕರಿಗೆ

ಪರಮ ಮಾನ್ಯರೇ,

ಕೈಯ ಮೆಹಂದಿ ಇನ್ನೂ ಮಾಸದ ಡೊಂಬಿವಲಿಯ ಹೊಸ ಸೊಸೆಯೊಬ್ಬಳ ಅನಂತಾನಂತ ವಂದನೆಗಳು. ನನ್ನ ಪ್ರಾಣಪ್ರಿಯವಾದ ಆರು ಸಂಪುಟಗಳ ಮಾಯಾಲೋಕದ ಕಾದಂಬರಿಯನ್ನು ತಾವು ಇಂಟರ್‌ವಲ್ಲೂ ಸೇರಿ ಮೂರೇ ಗಂಟೆಯ ಪಿಕ್ಚರಿನಲ್ಲಿ ಮುಗಿಸಿಕೊಟ್ಟಿದ್ದೀರಿ. ಕಲ್ಯಾಣದ ಫಾಸ್ಟ್ ಲೋಕಲ್ ಕೂಡ ಇಷ್ಟೊಂದು ಸ್ಟೇಷನ್‌ಗಳನ್ನು ಹಾರಿಸಿ ಓಡಿದ್ದನ್ನು ನಾನು ಕಂಡಿಲ್ಲ.

ಪುಸ್ತಕದಲ್ಲಿ ಗಡೀಪಾರಾದ ರಾಣಿ ಒಂದಿಡೀ ಸಂಪುಟ ಕಾಡಿನಲ್ಲಿ ನಡೆಯುತ್ತಾಳೆ. ನಡೆದು ನಡೆದು ಅವಳ ಸಿಟ್ಟು ಸವೆಯುತ್ತದೆ, ಅದಕ್ಕೇ ಕೊನೆಗೆ ತನ್ನನ್ನು ಕಾಡಿಗಟ್ಟಿದ ಒಡಹುಟ್ಟಿದ ತಮ್ಮನನ್ನು ಕ್ಷಮಿಸುತ್ತಾಳೆ. ತಾವು ಮಹಾ ಕರುಣಾಳುಗಳು, ಕಾಲು ನೋಯದಂತೆ ಒಂದೇ ಹಾಡಿನಲ್ಲಿ ಅವಳನ್ನು ದಾಟಿಸಿಬಿಟ್ಟಿರಿ. ಆಮೇಲೆ ಯಾಕೆ ಕ್ಷಮಿಸಿದಳೆಂದು ಪಾಪ, ಅವಳ ಮುಖಕ್ಕೂ ತಿಳಿದಿರಲಿಲ್ಲ. ಯುದ್ಧ ಮಾತ್ರ ಪುಸ್ತಕಕ್ಕಿಂತ ಸೊಗಸಾಗಿದೆ, ಒಪ್ಪಿದೆ. ಆದರೆ ಯಾರು ಯಾರನ್ನು ಯಾಕೆ ಕೊಲ್ಲುತ್ತಿದ್ದಾರೆಂದು ನಮ್ಮವರಿಗೆ, ಅಂದರೆ ನನ್ನ ಮುದ್ದು ವಿಶ್ರುತರಿಗೆ, ಉದ್ದಕ್ಕೂ ಪಿಸುಗುಟ್ಟಿದವಳು ನಾನು. ಹೊರಗೆ ಬಂದವರೇ ಅವರು "ಪುಸ್ತಕಕ್ಕಿಂತ ಪಿಕ್ಚರೇ ಬೆಸ್ಟ್ ಯಾರ್" ಎಂದು ತೀರ್ಪು ಕೊಟ್ಟರು.

ಆ ತೀರ್ಪಿನ ಫಲ ಕೇಳಿ. ಸೀವುಡ್ಸ್‌ನ ತವರಿನಿಂದ ನಾನು ಹೊತ್ತು ತಂದ ಆರೂ ಸಂಪುಟಗಳು ಮನೆಯ ಏಕೈಕ ಶೋಕೇಸಿನಲ್ಲಿದ್ದವು. ಅತ್ತೆ ಊರ್ಮಿಳಾ ಅವರು, "ಪಿಕ್ಚರ್ ನೋಡಿ ಆಯ್ತಲ್ವಾ ಮಗಾ, ಇನ್ನು ಈ ಇಟ್ಟಿಗೆ ಎಲ್ಲ ಎಂತಕ್ಕೆ?" ಎಂದು ರದ್ದಿಯವನಿಗೆ ಫೋನು ಮಾಡಿದರು. ತಮ್ಮ ಕತ್ತರಿಗೆ ಇಷ್ಟು ಶಕ್ತಿಯಿರುವುದರಿಂದ ಒಂದು ಸಣ್ಣ ವಿನಂತಿ: ಕಳವಾ ಸ್ಟೇಷನ್ನಿನಿಂದ ಕಲ್ಯಾಣದವರೆಗೆ ನೆಂಟರ ಮನೆಗಳಲ್ಲಿ ಬಾಕಿಯಿರುವ ನವದಂಪತಿಗಳ ಔತಣಗಳನ್ನೂ ದಯವಿಟ್ಟು ಒಂದೇ ಹಾಡಿನಲ್ಲಿ ಮುಗಿಸಿಕೊಡಿ, ಹೋಳಿಗೆಯ ಮೇಲೆ ಹೋಳಿಗೆ ತಿಂದು ನಮ್ಮವರ ಮದುವೆಯ ಕೋಟಿನ ಗುಂಡಿ ಕೂಡುತ್ತಿಲ್ಲ.

ರದ್ದಿಯವನು ಬರುವ ಮೊದಲು ನಾನು ಮಾವ ಯಜ್ಞೇಶ್ವರರ ಮೊರೆಹೊಕ್ಕೆ. ಇಲ್ಲಿನ ಸಭಾಗೃಹಗಳಲ್ಲಿ ನಡೆಯುವ ಮೂರು ಗಂಟೆಯ ಕಾಲಮಿತಿ ಯಕ್ಷಗಾನಗಳಿಂದ ಅವರು ಪ್ರತಿ ಸಲವೂ ಉರಿದುಕೊಂಡೇ ಬರುತ್ತಾರೆ: "ಒಡ್ಡೋಲಗ ಇಲ್ಲ, ಪೀಠಿಕೆ ಇಲ್ಲ, ವೇಷ ಬಂತು, ಸತ್ತಿತು. ಅದೂ ಒಂದು ಆಟವಾ?" ನನ್ನ ರಾಣಿ ಸಭೆಗೆ ಬರಲು ಮೂವತ್ತು ಪುಟ ತೆಗೆದುಕೊಳ್ಳುತ್ತಾಳೆ ಎಂದೆ. ಮಾವ ಪೇಪರ್ ಮಡಚಿಟ್ಟರು. ಅಂದಿನಿಂದ ಸಂಜೆಯ ಚಹಾದ ನಂತರ, ಇಂಗ್ಲಿಷ್ ಮೀಡಿಯಂನ ನನ್ನ ಕನ್ನಡದಲ್ಲಿ, ಒಂದು ಪುಟವೂ ಬಿಡದೆ ಕತೆ ಹೇಳುತ್ತಿದ್ದೇನೆ. ಬೀನ್ಸ್ ಹೆಚ್ಚುತ್ತಾ ಅತ್ತೆಯೂ ಕೇಳುತ್ತಾರೆ. ನಿನ್ನೆ ರದ್ದಿಯವನು ಬೆಲ್ ಒತ್ತಿದಾಗ ಬಾಗಿಲಿಗೆ ಹೋದವರು ಅತ್ತೆಯೇ.

"ಅಭೀ ಜಂಗಲ್ ಖತಂ ನಹೀ ಹುವಾ ಭಯ್ಯಾ, ಬಾದ್ ಮೇ ಆನಾ."

ತಮ್ಮ, ಇನ್ನೂ ಕತ್ತರಿ ಬೀಳದ, ವಿಶ್ವಾಸಿ,
ಅಪರ್ಣಾ ವಿಶ್ರುತ

ವಿ.ಸೂ.: ತಾವು ಬಿಟ್ಟದ್ದು ಏನೇನೆಂದು ಮಾವ ತಮ್ಮನ್ನೇ ಭೇಟಿಯಾಗಿ ಕೇಳಬೇಕೆಂದಿದ್ದಾರೆ. ಹೋಟೆಲು ಮಗನಿಗೆ ವಹಿಸಿ ನಿವೃತ್ತರಾದವರು, ಮೂರು ಗಂಟೆಯಲ್ಲಿ ಬಿಡುವವರಲ್ಲ.