ಮಲಂಗಸಾಬರ ಕಾರಿನ ಹೆಚ್ಚುವರಿ ಗಾಳಿ

೧೯೮೩ರಲ್ಲಿ ಗದಗ ಸೀಮೆಯಲ್ಲಿ ಗಾಳಿಗೆ ಕೊರತೆ ಇರಲಿಲ್ಲ. ಆದರೂ ಅದನ್ನು ಕಾಪಾಡುವ ಹೊಣೆ ಅಪವ್ಯಯ ನಿವಾರಣಾ ಕಚೇರಿಯ ಮೇಲಿತ್ತು. ಅಲ್ಲಿನ ಸಾಹೇಬರಾದ ಗವಿಸಿದ್ದಪ್ಪನವರು ಹಿಂದೊಮ್ಮೆ ನಳ ಸೋರುತ್ತದೆಂದು ದೂರು ಬಂದಾಗ ಇಡೀ ಓಣಿಯ ನೀರನ್ನೇ ನಿಲ್ಲಿಸಿ ಮೇಲಿನವರಿಂದ ಶಭಾಷ್ ಅನ್ನಿಸಿಕೊಂಡವರು.

ಮುಂಡರಗಿಯ ಮಲಂಗಸಾಬರು ತಮ್ಮ ಹಳೆಯ ಬಾಡಿಗೆ ಕಾರಿಗೆ ಮುಂಬಯಿ ಗುಜರಿಯಿಂದ ತಂದ ಟರ್ಬೊ ಜೋಡಿಸಿದ್ದರು. ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿನೊಳಗೆ ಗಾಳಿ ಒತ್ತುವ ಯಂತ್ರ ಅದು. ಒತ್ತಡ ಮಿತಿ ಮೀರಿದರೆ ಸ್ಪ್ರಿಂಗಿನ ಮುಚ್ಚಳವೊಂದು ತೆರೆದು ಹೆಚ್ಚಿನ ಗಾಳಿ ಉಸ್ಸೆಂದು ಹೊರಗೆ ಹೋಗುತ್ತಿತ್ತು. ಮುಚ್ಚಳದ ಸ್ಕ್ರೂ ಸಡಿಲಾದರೆ ಕಾರು ದಾರಿಯ ಡೋಣಿ ಗುಡ್ಡದ ಏರು ಹತ್ತದು, ಬಿಗಿಯಾದರೆ ಇಂಜಿನ್ ಉಳಿಯದು. ಪಾಪ, ತಿಂಗಳುಗಟ್ಟಲೆ ತಿರುವಿ ತಿರುವಿ ಹದ ಹಿಡಿದಿದ್ದರು. ಆ ಉಸ್ ಎಂಬ ಸದ್ದು ಸಾಹೇಬರ ಕಿವಿಗೆ ಬಿತ್ತು.

ಕೂಡಲೇ ಪ್ರಕಟಣೆ ಹೊರಟಿತು: "ತಾಲೂಕಿನ ವ್ಯಾಪ್ತಿಯಲ್ಲಿ ಬೀಸುವ ಗಾಳಿಯನ್ನು ಒಳಗೆಳೆದುಕೊಂಡು, ಬಳಸದೆ ಹೊರಗೆ ಬಿಡುವುದು ಸಾರ್ವಜನಿಕ ಸ್ವತ್ತಿನ ಅಪವ್ಯಯ. ಸದರಿ ಮುಚ್ಚಳಕ್ಕೆ ಅರಗಿನ ಮೊಹರು ಹಾಕತಕ್ಕದ್ದು."

ಮಲಂಗಸಾಬರು ಕಚೇರಿಗೆ ಓಡಿದರು.

"ಸಾಹೇಬ್ರ, ಆ ಗಾಳಿ ಹೊರಗ ಬಿಡಲಿಲ್ಲಂದ್ರ ಇಂಜಿನ್ ಒಡೀತೈತ್ರಿ. ನಾಳಿ ನಮ್ಮ ಮಗಳು ಶಮಶಾದಬಿ ನಿಖಾ. ಅಳಿಯನ್ನ ಲಕ್ಷ್ಮೇಶ್ವರದಿಂದ ಇದರಾಗ ಕರಕೊಂಡು ಬರಬೇಕು. ಮಧ್ಯಾಹ್ನ ದಾಟಿದ್ರ ಖಾಜಿ ಬ್ಯಾರೆ ಊರಿಗೆ ಹೊಕ್ಕಾರ."

"ಒಡದ್ರ ಇಂಜಿನ್ ನಿಮ್ಮದು. ಗಾಳಿ ಸರಕಾರದ್ದು," ಎಂದರು ಸಾಹೇಬರು. "ಮದವ್ಯಾಗ ಬಿರ್ಯಾನಿ ಐತೇನು?"

ಇದೆ ಎಂದು ತಿಳಿದ ಮೇಲೆ, ಮೊಹರು ಹಾಕಿಸಿ, ಅದರ ಉಸ್ತುವಾರಿಗೆಂದು ಮರುದಿನ ತಾವೇ ಕಾರಿನಲ್ಲಿ ಹೊರಟರು. ಅವರ ಹಿಂದೆ ಜವಾನ, ಜವಾನನ ಮಗ್ಗುಲಿಗೆ ಜವಾನನ ಭಾವ. ಲಕ್ಷ್ಮೇಶ್ವರ ತಲುಪಿದ ಮೇಲೆ ಮದುಮಗ ಅಬ್ದುಲಗನಿಗೆ ಡಿಕ್ಕಿಯಲ್ಲಿ ಅನುಕೂಲ ಮಾಡಿಕೊಡಲಾಯಿತು. ದಿಬ್ಬಣದ ಉಳಿದವರು ಟ್ರ್ಯಾಕ್ಟರಿನಲ್ಲಿ ಬಂದರು.

ಮರಳುವಾಗ ಡೋಣಿಯ ಏರಿನಲ್ಲಿ ಬಾನೆಟ್ ಹಾರಿ ಜಾಲಿಗಿಡದಲ್ಲಿ ಕೂತಿತು. ಇಂಜಿನ್ ಇಬ್ಭಾಗವಾಯಿತು. ಸಾಹೇಬರು ಇಳಿದು ಮೊಹರು ಮುಟ್ಟಿ ನೋಡಿದರು.

"ಅರಗು ಗಟ್ಟಿ ಐತಿ. ಒಂದು ಗುಟುಕು ಗಾಳಿ ದಂಡ ಹೋಗಿಲ್ಲ. ಯೋಜನಾ ಪಾಸ್!"

ಮಲಂಗಸಾಬರು ರಸ್ತೆ ಬದಿ ಕೂತು ಮಗುವಿನ ಹಾಗೆ ಅತ್ತರು. ಅಷ್ಟರಲ್ಲಿ ಬಸ್ ಕಂಡಕ್ಟರನಿಂದ ಖಬರ ತಿಳಿದ ಶಮಶಾದಬಿ, ಖಾಜಿಯನ್ನೂ ನೆಂಟರನ್ನೂ ಬಿರ್ಯಾನಿಯ ಹಂಡೆಯನ್ನೂ ಅದೇ ಬಸ್ಸಿನಲ್ಲಿ ಹೇರಿಕೊಂಡು ಬಂದಿಳಿದಳು.

"ಅಬ್ಬಾಜಾನ್, ಅಳೂದು ಸಾಕು. ಮೊದಲ ಅವರನ್ನ ಡಿಕ್ಕಿಯಿಂದ ತಗೀರಿ."

ಬೇವಿನ ನೆರಳಲ್ಲಿ ನಿಖಾ ಆಯಿತು. ಆಮೇಲೆ ಎರಡೂ ಕಡೆಯ ಬೀಗರು ಕಾರನ್ನು ಮುಂಡರಗಿಯ ತನಕ ತಳ್ಳಿದರು. ಮೊಹರು ಅಲುಗಬಾರದೆಂದು ಸಾಹೇಬರು ಒಳಗೇ ಕುಳಿತಿದ್ದರು.

ಶೂನ್ಯ ಅಪವ್ಯಯಕ್ಕಾಗಿ ಆ ಕಾರಿಗೆ ಜಿಲ್ಲೆಯ ಬಹುಮಾನ ಬಂತು. ಬಹುಮಾನದ ಕಾರೆಂದು ಮದುವೆಗಳಿಗೆ ಬೇಡಿಕೆ ಏರಿತು. ಇಂಜಿನ್ ಮತ್ತೆ ಹಾಕಿಸುವ ಪ್ರಮೇಯವೇ ಬರಲಿಲ್ಲ. ಮುಂದೊಮ್ಮೆ ಶಿರಹಟ್ಟಿಯ ತೋಟಪ್ಪನವರು ಮಗನ ಮದುವೆಗೆ ಕಾರು ಗೊತ್ತು ಮಾಡಲು ಬಂದು, "ಡೋಣಿ ಏರು ಹತ್ತತೈತೇನ್ರಿ?" ಎಂದು ಕೇಳಿದರು.

"ಹತ್ತತೈತ್ರಿ," ಎಂದರು ಮಲಂಗಸಾಬರು. "ನೀವು ಎಷ್ಟು ಮಂದಿ ಅದೀರಿ?"